ಸಾಲಿನಲ್ಲಿ ನಿಮ್ಮ ಹಿಂದೆ ಯಾರಿದ್ದರು

ಆಸ್ಪತ್ರೆಯ ರಕ್ತನಿಧಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಎಂಟರ್ ಅಕ್ಕ ಎಂದು. ಕಂಪ್ಯೂಟರಿನ ಮಿಕ್ಕ ಗುಂಡಿಗಳನ್ನೆಲ್ಲ ಮೆಲ್ಲಗೆ ಒತ್ತುವವಳು ಎಂಟರ್ ಗುಂಡಿಯನ್ನು ಮಾತ್ರ ಜಿರಳೆ ಹೊಡೆದ ಹಾಗೆ ಹೊಡೆಯುತ್ತಾಳೆ. ಸಿಟ್ಟು ಪಾಪದ ಗುಂಡಿಯ ಮೇಲಲ್ಲ, ಅದರ ಹಿಂದಿರುವ ತಂತ್ರಾಂಶದ ಮೇಲೆ. ರಕ್ತದಾನಿಗಳ ಮಾಹಿತಿ ತುಂಬಿಡುವ ಆ ತಂತ್ರಾಂಶವನ್ನು ಬರೆದ ಪುಣ್ಯಾತ್ಮ ಒಂದು ದಿನವೂ ಕೌಂಟರಿನ ಎದುರು ಜನ ಸಾಲುಗಟ್ಟಿ ನಿಂತದ್ದನ್ನು ಕಂಡಿರಲಿಕ್ಕಿಲ್ಲ. ಕೆಂಪು ಚುಕ್ಕಿಯಿರುವ ಚೌಕಗಳಲ್ಲಿ ಒಂದು ಖಾಲಿ ಉಳಿದರೂ ಸಾಕು, ತುಂಬಿದ್ದನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡು ಎನ್ನುತ್ತದೆ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರೆ, ನೀನು ಯಾರು ಎಂದು ಕೇಳಿ ಮತ್ತೆ ಪಾಸ್‌ವರ್ಡ್ ಬೇಡುತ್ತದೆ. ಅಂಗಿತೋಳು ಮಡಚಿ ರಕ್ತ ಕೊಡಲು ಬಂದವನು ಎದುರಿಗೇ ಕೂತಿದ್ದರೂ ಅವನನ್ನು ಒಳಗೆ ಬಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಇದನ್ನು ನೋಡಿಯೇ ಹುಟ್ಟಿದ್ದಿರಬೇಕು.

ಎಂಟರ್ ಅಕ್ಕನೇನು ಕಡಿಮೆಯವಳಲ್ಲ. ಅದು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುವವಳು. ಎದ್ದು ಹೋಗುವಾಗ ಒಂದು ಗುಂಡಿಯ ಮೇಲೆ ರಬ್ಬರಿನ ತುಂಡು ಇಟ್ಟು ಹೋಗುತ್ತಿದ್ದಳು, ತಂತ್ರಾಂಶ ಯಾರೋ ಕೆಲಸ ಮಾಡುತ್ತಿದ್ದಾರೆಂದು ನಂಬಿ ತೆಪ್ಪಗಿರುತ್ತಿತ್ತು. ವಿಳಾಸವನ್ನು ಮತ್ತೆ ಮತ್ತೆ ಬರೆಯುವ ಬದಲು ಮೇಲಿನವರದನ್ನೇ ಕೆಳಗಿಳಿಸುತ್ತಿದ್ದಳು. ಕಸುಬು ಏನೆಂದು ಕೇಳಿದರೆ ಪಟ್ಟಿಯಲ್ಲಿ ಮೊದಲು ಕಾಣುವ ಅಧ್ಯಾಪಕ ಎಂಬುದನ್ನೇ ಆರಿಸಿಬಿಡುತ್ತಿದ್ದಳು. ಹಾಗಾಗಿ ಆ ಕಂಪ್ಯೂಟರನ್ನು ನಂಬಿದರೆ ಊರಿನ ಕ್ಷೌರಿಕರು, ಲಾರಿ ಚಾಲಕರು ಎಲ್ಲರೂ ಅಧ್ಯಾಪಕರೇ. ಫೋನಿಲ್ಲದವರದ್ದು ಮಾತ್ರ ತಲೆನೋವಾಗಿತ್ತು. ಬರೀ ಸೊನ್ನೆಗಳನ್ನು ಹಾಕಿದರೆ ಆ ಜಾಣ ತಂತ್ರಾಂಶಕ್ಕೆ ಗೊತ್ತಾಗಿಬಿಡುತ್ತಿತ್ತು. ಆದರೆ ಒಂದೇ ಸಂಖ್ಯೆ ಎಷ್ಟು ಜನರಿಗಿದ್ದರೂ ಗೊತ್ತಾಗುತ್ತಿರಲಿಲ್ಲ. ಸರಿ, ಫೋನಿಲ್ಲದವರಿಗೆಲ್ಲ ಎಂಟರ್ ಅಕ್ಕ ತನ್ನದೇ ನಂಬರು ಕೊಟ್ಟುಬಿಟ್ಟಳು.

ಇದರ ಫಲ ಮೊದಲು ಸಿಕ್ಕಿದ್ದು ಮನೆಯಲ್ಲಿ. ನಿಮ್ಮ ರಕ್ತದಾನಕ್ಕೆ ಧನ್ಯವಾದ, ನೀವು ಮತ್ತೆ ರಕ್ತ ಕೊಡಬಹುದು ಎಂಬ ಸಂದೇಶಗಳು ಅವಳ ಫೋನಿಗೆ ಬಂದು ಬೀಳುತ್ತಿದ್ದವು. ಮಗಳು ಅವನ್ನು ಗಟ್ಟಿಯಾಗಿ ಓದಿ ನಗುತ್ತಿದ್ದಳು. ನನ್ನ ಸೊಸೆ ಇಷ್ಟೊಂದು ರಕ್ತ ಹೊರಗೆ ಕೊಟ್ಟೂ ಮನೆಯವರ ಮೇಲೆ ಕುದಿಯೋಕೆ ಅಷ್ಟು ಉಳಿಸಿಕೊಂಡಿದ್ದಾಳಲ್ಲ ಎಂದು ಅತ್ತೆ ಆಶ್ಚರ್ಯಪಡುತ್ತಿದ್ದರು. ಅತ್ತೆಯ ಮಾತಿಗೆ ಎಂಟರ್ ಅಕ್ಕನೂ ನಗುತ್ತಿದ್ದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಜಾತಿಯವಳು ಅವಳು.

ದೊಣ್ಣೆ ಒಂದು ಮಧ್ಯಾಹ್ನ ಬಿತ್ತು. ಊಟದ ಡಬ್ಬಿಯ ಮುಚ್ಚಳ ತೆಗೆಯುವ ಹೊತ್ತಿಗೆ ಮೇಲಿನ ಹೆರಿಗೆ ವಾರ್ಡಿನ ನರ್ಸ್ ಓಡಿಬಂದಳು. ಆಗಷ್ಟೇ ಹೆತ್ತ ಹುಡುಗಿಗೆ ರಕ್ತ ಹೋಗುವುದು ನಿಲ್ಲುತ್ತಿರಲಿಲ್ಲ. ಅವಳದ್ದು ಓ ನೆಗೆಟಿವ್, ಬೇರೆ ಯಾವ ಗುಂಪಿನ ರಕ್ತವೂ ಒಗ್ಗುವುದಿಲ್ಲ. ರಕ್ತನಿಧಿಯ ಡಾಕ್ಟರಮ್ಮ ಫ್ರಿಜ್ಜಿನಲ್ಲಿದ್ದ ಸ್ವಲ್ಪವನ್ನೂ ಮೇಲೆ ಕಳಿಸಿ, ಅದು ಮುಗಿಯುವುದರೊಳಗೆ ಇನ್ನಷ್ಟು ಸಿಗದಿದ್ದರೆ ತಾಯಿ ಉಳಿಯುವುದಿಲ್ಲ ಎಂದು ನೇರವಾಗಿಯೇ ಹೇಳಿದರು. ಎಂಟರ್ ಅಕ್ಕ ಆ ಗುಂಪಿನ ದಾನಿಗಳನ್ನು ಹುಡುಕಿ ತೆಗೆದಳು. ಸಿಕ್ಕಿದ್ದು ಮೂರೇ ಮಂದಿ. ಒಬ್ಬಾಕೆ ಹೋದ ತಿಂಗಳಷ್ಟೇ ಕೊಟ್ಟಿದ್ದಳು. ಇನ್ನೊಬ್ಬ ಪರವೂರಿನಲ್ಲಿದ್ದ. ಡಾಕ್ಟರಮ್ಮ ಮೂರನೆಯವನ ನಂಬರನ್ನು ತೆರೆಯ ಮೇಲೆ ನೋಡಿಕೊಂಡು ತಮ್ಮ ಫೋನಿನಲ್ಲಿ ಒತ್ತಿದರು.

ಮೇಜಿನ ಕೆಳಗಿದ್ದ ಎಂಟರ್ ಅಕ್ಕನ ಬ್ಯಾಗು ಹಾಡತೊಡಗಿತು.

ಅದನ್ನು ನಿಲ್ಲಿಸಮ್ಮ ಎಂದು ಕೈಸನ್ನೆ ಮಾಡಿ ಡಾಕ್ಟರಮ್ಮ ಕಾದರು. ಯಾರೂ ಎತ್ತದಿದ್ದಾಗ ಕಟ್ ಮಾಡಿದರು. ಬ್ಯಾಗು ಸುಮ್ಮನಾಯಿತು. ಮತ್ತೆ ಒತ್ತಿದರು, ಬ್ಯಾಗು ಮತ್ತೆ ಹಾಡಿತು. ಎಂಟರ್ ಅಕ್ಕ ಫೋನನ್ನು ಹೊರಗೆ ತೆಗೆದು ನೋಡಿದಳು, ಕರೆ ಡಾಕ್ಟರಮ್ಮನದೇ.

"ಅದು ನನ್ನ ನಂಬರು ಮೇಡಂ. ಅವರ ಹತ್ರ ಫೋನಿರ್ಲಿಲ್ಲ. ಖಾಲಿ ಬಿಟ್ರೆ ಸೇವ್ ಆಗಲ್ಲ ಅಂತ ನಂದೇ ಹಾಕ್ಬಿಟ್ಟೆ."

ಡಾಕ್ಟರಮ್ಮನ ಮುಖ ಕೆಂಪಾಯಿತು. ಆದರೆ ಬೈಯಲು ಹೊತ್ತಿರಲಿಲ್ಲ. ಆ ಮನುಷ್ಯ ಯಾರು, ಎಲ್ಲಿ ಸಿಗುತ್ತಾನೆ ಎಂದಷ್ಟೇ ಕೇಳಿದರು. ಎಂಟರ್ ಅಕ್ಕ ತೆರೆಯನ್ನು ದಿಟ್ಟಿಸಿದಳು. ಹೆಸರೋ, ಬೀದಿಗೆ ನಾಲ್ವರಿಗಿರುವಂಥದ್ದು. ವಿಳಾಸ ಮಾರುಕಟ್ಟೆ, ಏಕೆಂದರೆ ಮಾರುಕಟ್ಟೆಯಲ್ಲಿ ರಕ್ತದಾನ ಶಿಬಿರ ನಡೆದ ದಿನ ಬಂದವರಿಗೆಲ್ಲ ಅವಳು ಇಳಿಸಿದ್ದು ಅದೇ ವಿಳಾಸ. ಕಸುಬು ಅಧ್ಯಾಪಕ. ಇಷ್ಟು ವರ್ಷ ಆ ತಂತ್ರಾಂಶಕ್ಕೆ ಮಣ್ಣು ಮುಕ್ಕಿಸಿದೆನೆಂದು ಬೀಗಿದ್ದಳಲ್ಲ, ಮುಕ್ಕಿದವಳು ತಾನೇ. ಮಾಡಿದ್ದುಣ್ಣೋ ಮಹಾರಾಯ. ಮೇಲಿನ ಮಹಡಿಯಲ್ಲಿ ಕೂಸೊಂದು ಅಳುತ್ತಿರುವುದು ಕೇಳಿದಂತಾಗಿ ಅವಳಿಗೂ ಅಳು ಬಂತು.

ಅಳು ಬಂದಾಗಲೇ ತಲೆಯೂ ಓಡಿತು. ಫೋನು, ವಿಳಾಸ, ಕಸುಬು ಮೂರನ್ನೂ ಅವಳು ಕೆಡಿಸಿಟ್ಟಿದ್ದಳು. ಆದರೆ ಪ್ರತಿಯೊಬ್ಬರನ್ನು ಯಾವ ಗಳಿಗೆಯಲ್ಲಿ ತುಂಬಿದ್ದು ಎಂಬುದನ್ನು ತಂತ್ರಾಂಶ ತಾನಾಗಿಯೇ ಬರೆದುಕೊಂಡಿರುತ್ತದೆ, ಅದಕ್ಕೆ ಅವಳ ಕೈ ತಾಗುವುದಿಲ್ಲ. ಶಿಬಿರದ ದಿನದವರನ್ನೆಲ್ಲ ಹೊತ್ತಿನ ಪ್ರಕಾರ ಜೋಡಿಸಿದಳು. ತೆರೆಯ ಮೇಲೆ ಅಂದಿನ ಸಾಲು ಇದ್ದ ಹಾಗೇ ಎದ್ದು ನಿಂತಿತು. ಆ ಮನುಷ್ಯನ ಮುಂದೆ ಒಬ್ಬ, ಹಿಂದೆ ಒಬ್ಬಳು. ಇಬ್ಬರಿಗೂ ಫೋನಿತ್ತು, ಅದೂ ಅವರವರದ್ದೇ.

ಮೊದಲು ಫೋನು ಮಾಡಿದ್ದು ಹಿಂದೆ ನಿಂತಿದ್ದಾಕೆಗೆ, ಅವಳು ತರಕಾರಿ ಮಾರುವವಳು. ಮುಂದಿದ್ದವನ ಮುಖವನ್ನು ತಾನು ನೋಡಲೇ ಇಲ್ಲ, ಬೆನ್ನು ಮಾತ್ರ ನೋಡಿದ್ದು, ಅಂಗಿಯ ತುಂಬ ನೀಲಿ ಬಣ್ಣ ಸಿಡಿದಿತ್ತು ಎಂದಳು. ಬೆನ್ನನ್ನು ಕಟ್ಟಿಕೊಂಡು ಏನು ಮಾಡುವುದು? ಎಂಟರ್ ಅಕ್ಕ ಮುಂದಿನವನಿಗೆ ಫೋನು ಮಾಡಿದಳು. ಅವನು ಬೇಕರಿಯವನು.

"ನನ್ನ ಹಿಂದೆನಾ?" ಎಂದು ಆತ ಕೇಳಿದ. "ನಮ್ಮ ಷಡ್ಡಕ. ಮನೆಗಳಿಗೆ ಬಣ್ಣ ಹೊಡೀತಾನೆ. ಆದ್ರೆ ಅಕ್ಕಾ, ನಾವಿಬ್ರೂ ಮಾತು ಬಿಟ್ಟಿದ್ದೀವಿ."

"ಮಾತಾಡ್ಬೇಡಿ. ಕರ್ಕೊಂಡು ಬನ್ನಿ ಅಷ್ಟೇ. ಮೇಲೆ ಒಂದು ಜೀವ ಹೋಗ್ತಿದೆ."

ಮುಂದಿನದ್ದನ್ನು ನೋಡಬೇಕಿತ್ತು. ಬೇಕರಿಯವನು ಹೆಂಡತಿಗೆ ಫೋನು ಮಾಡಿದ, ಅವಳು ತನ್ನ ತಂಗಿಗೆ ಮಾಡಿದಳು, ಗಂಡ ಎಲ್ಲಿ ಬಣ್ಣ ಹೊಡೆಯುತ್ತಿದ್ದಾನೆಂದು ತಂಗಿ ತಿಳಿಸಿದಳು. ಎಂಟರ್ ಅಕ್ಕ ಗೇಟಿಗೆ ಓಡಿದಳು, ಒಳಗೆ ಬಂದಳು, ಮತ್ತೆ ಗೇಟಿಗೆ ಓಡಿದಳು. ಕಾವಲುಗಾರ ಅವಳಿಗೆ ಹುಚ್ಚು ಹಿಡಿಯಿತೆಂದೇ ತಿಳಿದ. ಕೊನೆಗೂ ಸ್ಕೂಟರ್ ತಿರುವಿನಲ್ಲಿ ಕಂಡಿತು. ಮುಂದೆ ಕೂತವನ ಮೈಯೆಲ್ಲ ಹಿಟ್ಟು, ಹಿಂದೆ ಕೂತವನ ಮೈಯೆಲ್ಲ ಸುಣ್ಣ. ಷಡ್ಡಕರಿಬ್ಬರೂ ಒಬ್ಬ ಬಲಕ್ಕೆ ಒಬ್ಬ ಎಡಕ್ಕೆ ಮುಖ ತಿರುಗಿಸಿಕೊಂಡು, ಆದರೆ ಗಾಡಿಯನ್ನು ಬಿಟ್ಟ ಬಾಣದ ಹಾಗೆ ಓಡಿಸಿಕೊಂಡು ಬಂದರು. ಅವರನ್ನು ಕಂಡು ಅವಳಿಗಾದ ಸಂತೋಷ ಇಷ್ಟಿಷ್ಟಲ್ಲ. ಬಣ್ಣದವನ ಕೈ ಹಿಡಿದು ಎಳೆದುಕೊಂಡೇ ಹೋದಳು.

ರಕ್ತ ತೆಗೆದದ್ದಾಯಿತು, ಪರೀಕ್ಷೆಗಳಾದವು, ಚೀಲ ಮೇಲೆ ಹೋಯಿತು. ಅಷ್ಟೂ ಹೊತ್ತು ಬೇಕರಿಯವನು ಬಾಗಿಲಲ್ಲೇ ನಿಂತಿದ್ದ. ಎದ್ದು ಕೂತ ಷಡ್ಡಕನಿಗೆ ಒಂದು ಬನ್ನನ್ನು ಮಾತಿಲ್ಲದೆ ಚಾಚಿದ, ಅವನು ಮಾತಿಲ್ಲದೆ ತಿಂದ. ಸಂಜೆ ಹೊತ್ತಿಗೆ ಮೇಲಿನ ನರ್ಸ್ ಮತ್ತೆ ಓಡಿಬಂದಳು. ಹುಡುಗಿ ಕಣ್ಣು ಬಿಟ್ಟಿದ್ದಾಳೆ, ಕೂಸನ್ನು ಕೇಳಿದಳು ಎಂದಳು. ಎಂಟರ್ ಅಕ್ಕನ ಹೊಟ್ಟೆಗೆ ಹಾಲು ಹುಯ್ದಂತಾಯಿತು. ನಕ್ಕಳು, ಅತ್ತಳು, ನರ್ಸನ್ನು ತಬ್ಬಿಕೊಂಡಳು.

ಆಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತರು. ಬೈಗುಳಕ್ಕೆ ಅವಳು ತಲೆ ಬಗ್ಗಿಸಿ ಸಿದ್ಧಳಾದಳು.

"ನಿನ್ನ ನಂಬರಲ್ಲಿ ಇನ್ನೂ ಎಷ್ಟು ಜನ ಇದ್ದಾರಮ್ಮ?"

ಎಂಟರ್ ಅಕ್ಕ ಹುಡುಕುವ ಚೌಕದಲ್ಲಿ ತನ್ನ ನಂಬರನ್ನು ಬರೆದಳು. ಎಂಟರ್ ಗುಂಡಿಯನ್ನು ಅಂದು ಮೆಲ್ಲಗೆ ಒತ್ತಿದಳು. ಹೆಸರುಗಳು ಬಂದವು, ಬರುತ್ತಲೇ ಹೋದವು, ತೆರೆ ತುಂಬಿ ಕೆಳಗಿಳಿದು ಮತ್ತೂ ಬಂದವು. ಅವರೆಲ್ಲ ಕರೆದರೆ ಬರುತ್ತೇವೆಂದು ತೋಳು ಚಾಚಿ ಹೋದವರು. ಅವರಲ್ಲಿ ಒಬ್ಬರನ್ನೂ ಕರೆಯುವ ದಾರಿ ಇರಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. ಎಂಟರ್ ಅಕ್ಕ ಎಲ್ಲಕ್ಕಿಂತ ಮೇಲಿನ ಹೆಸರನ್ನು ಹಿಡಿದಳು, ಆ ದಿನದ ಸಾಲನ್ನು ಜೋಡಿಸಿದಳು, ಆ ಹೆಸರಿನ ಮುಂದೆ ನಿಂತಿದ್ದವರ ನಂಬರನ್ನು ಒತ್ತಿ ಕಾದಳು. ಆ ಕಡೆಯಿಂದ ಯಾರೋ ಎತ್ತಿದರು.

"ನಮಸ್ಕಾರ, ರಕ್ತನಿಧಿಯಿಂದ ಮಾತಾಡ್ತಿದ್ದೀನಿ. ನೀವು ರಕ್ತ ಕೊಟ್ಟ ದಿನ, ಸಾಲಲ್ಲಿ ನಿಮ್ಮ ಹಿಂದೆ ಯಾರಿದ್ರು, ನೆನಪಿದೆಯಾ?"