ಅಂಟಿನ ಕೆಳಗಿನ ಹದಿನೇಳು ಮನೆಗಳು

ಅವನ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಉಳಿದವರಿಗೆಲ್ಲ ಅವನು ಗೆರೆಯಪ್ಪ. ಭೂಮಾಪನ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ನಕ್ಷೆ ಬರೆದು ಬರೆದು ಬೆನ್ನು ಬಾಗಿತ್ತೇ ಹೊರತು ಒಂದು ಗೆರೆಯೂ ಬಾಗಿರಲಿಲ್ಲ. ಸ್ವಂತಕ್ಕೆ ಗೇಣು ನೆಲವಿಲ್ಲ. ಊರವರ ಹೊಲಗಳಿಗೆಲ್ಲ ಎಲ್ಲೆ ಹಾಕಿದವನು. ಮಾಲಿಲ್ಲದ ಅಂಗಡಿಯ ತಕ್ಕಡಿಯ ಹಾಗೆ, ತೂಕ ಮಾತ್ರ ನಿಖರ.

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ, ಹಳ್ಳಿಗಳನ್ನಷ್ಟೇ ಸೇರಿಸಿ ಹೊಸ ಸಂಸತ್ ಕ್ಷೇತ್ರ ಮಾಡಬೇಕೆಂದು ಆದೇಶ ಬಂತು. ಎರಡು ಹಾಳೆ ಜೋಡಿಸಿ ಒಂದು ನಕ್ಷೆ ಆಗಬೇಕಿತ್ತು. ಜೋಡಿಸುವ ಮುಂಚೆ ಎಡಹಾಳೆಯ ಬಿಳಿ ಅಂಚನ್ನು ಬ್ಲೇಡಿನಿಂದ ಕತ್ತರಿಸುವುದು ಅವನ ರೂಢಿ. ಅಂದು ಸಾಹೇಬರು ಬಾಗಿಲಲ್ಲೇ ನಿಂತು "ಆಯ್ತೇನ್ರೀ? ಆಯ್ತೇನ್ರೀ?" ಎಂದು ಪ್ರಾಣ ತಿಂದರು. ಗೆರೆಯಪ್ಪ ಅಂಚು ಕತ್ತರಿಸುವುದನ್ನೇ ಮರೆತು, ಗೋಂದು ಬಳಿದು ಬಲಹಾಳೆಯ ಮೇಲೆ ಅಂಟಿಸಿದ, ಬಿಳಿಯ ಮೇಲೆ ಹಸಿರು ಸವರಿದ, ಹಸಿರಿನ ಮೇಲೆ ಹೊಸ ಕ್ಷೇತ್ರದ ಎಲ್ಲೆಯನ್ನು ಕೆಂಪು ಶಾಯಿಯಲ್ಲಿ ಎಳೆದ. ಅದನ್ನೇ ನೋಡಿಕೊಂಡು ಊರುಗಳ ಪಟ್ಟಿಯನ್ನೂ ಬರೆದುಕೊಟ್ಟ.

ನಕ್ಷೆ ಕಚೇರಿಯ ಮುಂಗೋಣೆಯ ಗೋಡೆಗೇರಿತು. ತಕರಾರಿದ್ದ ಊರಿನವರು ಮೂವತ್ತು ದಿನದೊಳಗೆ ಅರ್ಜಿ ಕೊಡಬಹುದು. ಕೊನೆಯ ದಿನ ಸಂಜೆ ಐದಕ್ಕೆ ಮೊಹರು. ಆಮೇಲೆ ಇಪ್ಪತ್ತು ವರ್ಷ ಯಾರೂ ಮುಟ್ಟುವಂತಿಲ್ಲ.

ಮೂರನೆಯ ದಿನ ಮೇಜು ಒರೆಸುವಾಗ ಬ್ಲೇಡು ಕಣ್ಣಿಗೆ ಬಿತ್ತು. ಅದರ ಮೇಲಿನ ಕಾಗದವನ್ನೇ ಬಿಚ್ಚಿರಲಿಲ್ಲ. ಕತ್ತರಿಸದ ಅಂಚು ಗೆರೆಯಪ್ಪನಿಗೆ ನೆನಪಾಯಿತು. ಆ ಬಿಳಿ ಅಂಚು ಒಂದು ಬೆರಳಗಲ. ನಕ್ಷೆಯ ಬೆರಳಗಲ ಎಂದರೆ ನೆಲದ ಮೇಲೆ ಅರ್ಧ ಮೈಲಿ. ಆ ಅರ್ಧ ಮೈಲಿಯೊಳಗೆ, ಹಳ್ಳದ ದಂಡೆಯಲ್ಲಿ, ಹದಿನೇಳು ಮನೆಗಳ ಒಂದು ಪುಟ್ಟ ಊರಿತ್ತು. ಅವನ ಅಕ್ಕನನ್ನು ಕೊಟ್ಟ ಊರು. ನೂರಾರು ಸಲ ಹೋಗಿ ಉಂಡು ಬಂದ ಊರು. ಆದರೆ ಪಟ್ಟಿ ಬರೆಯುವಾಗ ಅವನು ನೋಡಿದ್ದು ನಕ್ಷೆಯನ್ನು, ನೆನಪನ್ನಲ್ಲ. ಈಗ ಆ ಊರು ಹೊಸ ಕ್ಷೇತ್ರದಲ್ಲೂ ಇಲ್ಲ, ಹಳೆಯದರಲ್ಲೂ ಇಲ್ಲ.

ಹೇಳಿಬಿಡಬಹುದಿತ್ತು. ಆದರೆ ಹಿಂದಿನ ವರ್ಷ ಒಂದು ಊರಿನ ಹೆಸರು ಬಿಟ್ಟ ಟೈಪಿಸ್ಟನನ್ನು ಸಾಹೇಬರು ಪಿಂಚಣಿಯಿಲ್ಲದೆ ಮನೆಗೆ ಕಳಿಸಿದ್ದರು. ಅವನೀಗ ಬಸ್ ನಿಲ್ದಾಣದಲ್ಲಿ ಪೆನ್ನು ಮಾರುತ್ತಿದ್ದ. ಗೆರೆಯಪ್ಪ ಮರುಕದಿಂದ ಎರಡು ಕೊಂಡಿದ್ದ, ಎರಡೂ ಬರೆಯುತ್ತಿರಲಿಲ್ಲ.

ಅಂದಿನಿಂದ ಮುಂಗೋಣೆಯಲ್ಲಿ ಚಪ್ಪಲಿ ಸದ್ದಾದರೆ ಅವನು ಪೆನ್ನು ಕೆಳಗಿಟ್ಟು ಇಣುಕುತ್ತಿದ್ದ. ಯಾರಾದರೂ ಕೆಂಪು ಗೆರೆಯ ಹತ್ತಿರ ಬೆರಳು ತಂದರೆ ಸಾಕು, "ಮುಟ್ಬೇಡಿ, ಬಣ್ಣ ಹೋಗುತ್ತೆ" ಎಂದು ಓಡಿ ಬರುತ್ತಿದ್ದ.

"ಏನ್ ಗೆರೆಯಪ್ಪೋರೇ, ಹೆರಿಗೆ ಕೋಣೆ ಹೊರಗೆ ನಿಂತ ಗಂಡನ ಥರ ಆಡ್ತೀರಲ್ಲ!" ಎಂದು ಜವಾನ ನಕ್ಕ.

ಮೂವತ್ತನೆಯ ದಿನ ನಾಲ್ಕೂಕಾಲಿಗೆ ಅಕ್ಕ ಬಂದಳು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಓದು ಬಾರದು, ನಾಲಿಗೆಗೆ ಮಾತ್ರ ಲಗಾಮಿರಲಿಲ್ಲ.

"ಏನೋ ಹೀಗ್ ಸೊರಗಿದ್ದೀಯ? ಗೆರೆ ಎಳೆದೂ ಎಳೆದೂ ನೀನೇ ಗೆರೆ ಆಗ್ಬಿಟ್ಟಿದ್ದೀಯಲ್ಲೋ!"

"ನೀನ್ಯಾಕೆ ಬಂದೆ ಅಕ್ಕ?"

"ನಮ್ಮೂರು ಯಾರ ಪಾಲಿಗೆ ಬಂತು ಅಂತ ನೋಡೋಕೆ. ಹಳ್ಳಕ್ಕೊಂದು ಕಾಲುಸೇತುವೆ ಹಾಕ್ಸಿ ಅಂತ ಹನ್ನೊಂದು ವರ್ಷದಿಂದ ಬಾಯಿ ಬಡ್ಕೊಂಡಿದ್ದೀವಿ. ನಿಮ್ಮ ಭಾವ ಅಲ್ಲೇ ಜಾರಿ ಸೊಂಟ ಮುರ್ಕೊಂಡು ಮಲಗಿದ್ದಾರೆ. ಇನ್ಮೇಲೆ ಯಾರ ಬಾಗಿಲು ತಟ್ಟಬೇಕು ಹೇಳು."

ಅವಳು ಕೇಳಿ ಕೇಳಿ ನಕ್ಷೆಯಲ್ಲಿ ಬಸ್ ನಿಲ್ದಾಣವನ್ನು ಹುಡುಕಿ, ಅಲ್ಲಿಂದ ಬೆರಳನ್ನು ನಡೆಸಿದಳು. "ಇದು ಗಿರಣಿ. ಇದು ಶಾಲೆ. ಇದು ಹಳ್ಳ." ಬೆರಳು ಕೆಂಪು ಗೆರೆಯ ಮೇಲೆ ನಿಂತಿತು. ಅತ್ತ ಹೋಯಿತು, ಇತ್ತ ಬಂತು. "ಹಳ್ಳ ದಾಟಿದ್ನಲ್ಲ, ಮನೆ ಎಲ್ಲೋ?"

"ಚಿಕ್ಕ ಊರು... ಕಾಣ್ಸಲ್ಲ ಅಕ್ಕ."

"ಒಂದು ಗಿರಣಿ ಕಾಣುತ್ತೆ, ಹದಿನೇಳು ಮನೆ ಕಾಣಲ್ವಾ?" ಅವಳು ಉಗುರಿನಿಂದ ಸವರಿದಳು. "ಇಲ್ಲಿ ದಪ್ಪ ಇದೆ. ತೇಪೆ ಹಾಕಿದ ಹಾಗಿದೆ."

ಗೆರೆಯಪ್ಪ ನಕ್ಷೆಗೆ ಬೆನ್ನು ಕೊಟ್ಟು ನಿಂತ. ಅತ್ತಿತ್ತ ನೋಡಿ, ಪಿಸುದನಿಯಲ್ಲಿ ಎಲ್ಲವನ್ನೂ ಹೇಳಿದ. ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ, ಅದಕ್ಕೇ ಇನ್ನಷ್ಟು ಹೆದರಿದ.

"ಹೇಳಿದ್ರೆ ಪಿಂಚಣಿ ಹೋಗುತ್ತೆ ಅಕ್ಕ."

"ಸರಿ, ಹೇಳ್ಬೇಡ. ಮನೆಗೆ ಬಂದು ಭಾವನ ಮಂಚದ ಪಕ್ಕ ಕೂತು, ನಿಮ್ಮೂರು ಎಲ್ಲೂ ಇಲ್ಲ ಅಂತ ಅವರಿಗೆ ಮಾತ್ರ ಹೇಳು. ನಾನು ಹೇಳಲ್ಲ."

ಗಡಿಯಾರ ಐದಕ್ಕೆ ಹದಿನೈದು ನಿಮಿಷ ತೋರಿಸುತ್ತಿತ್ತು. ಅರ್ಜಿ ಬರೆದುಕೊಡುವವನು ಬೀದಿಯಲ್ಲಿ ಪೆಟ್ಟಿಗೆ ಮುಚ್ಚಿ ಹೊರಟುಹೋಗಿದ್ದ. ಗೆರೆಯಪ್ಪನ ದುಂಡು ಅಕ್ಷರವೋ, ಕಚೇರಿಯ ಗೋಡೆಗಳಿಗೂ ಗುರುತು. ಅವನು ಬರೆದರೆ, ತಪ್ಪನ್ನು ತಿಳಿದೂ ಮುಚ್ಚಿಟ್ಟವನು ಯಾರೆಂದು ಸಾಹೇಬರು ಹುಡುಕಬೇಕಾಗಿಯೂ ಇರಲಿಲ್ಲ.

ಅವನು ಬರೆದ. ಅಂಚಿನ ಕೆಳಗೆ ನಮ್ಮೂರು ಮುಚ್ಚಿಹೋಗಿದೆ ಎಂಬ ಸಾಲಿನಲ್ಲೂ ಅಕ್ಷರ ಎಂದಿನಂತೆ ದುಂಡಗಿತ್ತು. ಅಕ್ಕ ಹೆಬ್ಬೆಟ್ಟು ಒತ್ತಿದಳು.

ಸಾಹೇಬರು ಅರ್ಜಿಯನ್ನು ಒಮ್ಮೆ ಓದಿದರು. ಎರಡನೆಯ ಸಲ ಬರೀ ಅಕ್ಷರ ನೋಡಿದರು.

"ಯಾರು ಬರೆದಿದ್ದು?"

"ನಾನೇ ಸ್ವಾಮಿ," ಎಂದಳು ಅಕ್ಕ, ಶಾಯಿ ಆರದ ಹೆಬ್ಬೆರಳನ್ನು ಸೆರಗಿನೊಳಗೆ ಸೇರಿಸಿಕೊಳ್ಳುತ್ತ.

ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿರಲು ಗೆರೆಯಪ್ಪ ಪ್ರಯತ್ನವನ್ನೂ ಪಟ್ಟ.

"ನಾನು ಸಾರ್," ಎಂಬ ಮಾತು ಅವನನ್ನು ಕೇಳದೆಯೇ ಹೊರಬಂತು.

ಸಾಹೇಬರು ಅರ್ಜಿಗೆ ಠಸ್ಸೆ ಒತ್ತಿ, ಜವಾನನಿಗೆ ಒದ್ದೆ ಬಟ್ಟೆ ತರಲು ಹೇಳಿದರು. ಗೆರೆಯಪ್ಪನೇ ಅಂಚನ್ನು ನೆನೆಸಿ ಮೆಲ್ಲಗೆ ಎತ್ತಿದ. ಹಸಿರು ಕರಗಿ, ಕೆಂಪು ಹರಡಿ, ಕೆಳಗೆ ಹದಿನೇಳು ಚುಕ್ಕೆಗಳು ಕಾಣಿಸಿದವು.

"ನಾಳೆ ಹತ್ತಕ್ಕೆ ನನ್ನ ಕೋಣೆಗೆ ಬನ್ನಿ," ಎಂದು ಸಾಹೇಬರು ತಿರುಗಿಯೂ ನೋಡದೆ ಒಳಗೆ ಹೋದರು.

ಅಕ್ಕ ಚುಕ್ಕೆಗಳನ್ನು ಎರಡು ಸಲ ಎಣಿಸಿದಳು. "ನಮ್ಮನೆ ಯಾವುದೋ?"

ಅವನು ತೋರಿಸಿದ.

"ನಡುಗ್ಬೇಡ ಕಣೋ," ಎಂದು ಅವಳು ಅವನ ಬೆರಳನ್ನು ಹಿಡಿದು ಒಂದು ಚುಕ್ಕೆಯಷ್ಟು ಪಕ್ಕಕ್ಕೆ ಸರಿಸಿದಳು. "ಅದು ಪಕ್ಕದ ಮನೆಯೋರ್ದು."