ಊಹಿಸಿ ಓದಿದ ಮಗಳು

ಮೂವತ್ತೊಂದು ವರ್ಷ ಒಂದನೇ ತರಗತಿಗೇ ಪಾಠ ಹೇಳಿದ ಟೀಚರಮ್ಮ ಕಲ್ಲಿಗೂ ಅಕ್ಷರ ಕಲಿಸುತ್ತಾರೆ ಎಂದು ಬೀದಿಗೆಲ್ಲ ಮಾತಾಗಿತ್ತು. ಅಂಚೆಯವನು, ಔಷಧಿ ಅಂಗಡಿಯವಳು, ಬಸ್ ಓಡಿಸುವವನು, ಎಲ್ಲರೂ ಅವರ ಕೈಕೆಳಗೇ ಅಕ್ಷರ ತಿದ್ದಿದವರು. ಆದರೆ ದೀಪದ ಬುಡದಲ್ಲೇ ಕತ್ತಲೆ ಅನ್ನುವ ಹಾಗೆ, ಹೆತ್ತ ಮಗಳಿಗೆ ಮಾತ್ರ ಓದು ಬರಲಿಲ್ಲ.

ಮಗಳು ದಡ್ಡಿಯಾಗಿದ್ದರೆ ಟೀಚರಮ್ಮ ತಾಳ್ಮೆಯಿಂದಲೇ ಇರುತ್ತಿದ್ದರು. ದಡ್ಡ ಮಕ್ಕಳ ಮೇಲೆ ಅವರಿಗೆ ಎಂದೂ ಸಿಟ್ಟು ಬಂದದ್ದಿಲ್ಲ. ಇವಳು ಹಾಗಲ್ಲ, ಐದು ವರ್ಷಕ್ಕೇ ದೊಡ್ಡವರ ಬಾಯಿ ಮುಚ್ಚಿಸುತ್ತಿದ್ದಳು. ಒಮ್ಮೆ ಅಡುಗೆಮನೆಯ ನಲ್ಲಿ ನಿಂತುಹೋಗಿ, ಅಪ್ಪ ಟ್ಯಾಂಕ್ ನೋಡಲು ಏಣಿ ಹೊತ್ತು ಹೊರಟರು.

"ಅಪ್ಪಾ, ಬಚ್ಚಲಲ್ಲಿ ನೀರು ಬರ್ತಿದೆಯಲ್ಲ. ಎರಡಕ್ಕೂ ಒಂದೇ ಟ್ಯಾಂಕ್ ತಾನೇ? ಮತ್ತೆ ಮೇಲೆ ಯಾಕೆ ಹತ್ತುತ್ತೀಯ?"

ಅಪ್ಪ ಏಣಿ ಇಳಿಸಿ ನಲ್ಲಿ ಬಿಚ್ಚಿದರು. ಒಳಗೆ ಕಸ ಸಿಕ್ಕಿಕೊಂಡಿತ್ತು.

"ಇಷ್ಟು ತಲೆ ಓಡೋಳಿಗೆ ನಾಲ್ಕು ಅಕ್ಷರ ಓದೋಕಾಗಲ್ವಾ? ಸೋಮಾರಿತನ, ಸೊಕ್ಕು!" ಎಂದು ಟೀಚರಮ್ಮ ತೀರ್ಪು ಕೊಟ್ಟುಬಿಟ್ಟರು.

ಮಗಳು ಕೂರುತ್ತಿದ್ದದ್ದು ಅಮ್ಮನ ತರಗತಿಯಲ್ಲೇ. ವರ್ಷದ ನಡುವೆ ಅವಳು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ತಡವರಿಸದೆ ಓದತೊಡಗಿದಳು. ಟೀಚರಮ್ಮ ಹಿಗ್ಗಿದರು. ಒಂದು ದಿನ ಅವಳು, "ನಾಯಿ ಮರದ ಕೆಳಗೆ ಮಲಗಿದೆ" ಎಂದು ಓದಿದಳು. ಚಿತ್ರದಲ್ಲಿ ನಾಯಿ ಮಲಗಿತ್ತು, ನಿಜ. ಪುಸ್ತಕದಲ್ಲಿ ಇದ್ದದ್ದು "ನಾಯಿಗೆ ಹಸಿವಾಗಿದೆ" ಎಂದು. ಟೀಚರಮ್ಮ ಚಿತ್ರದ ಮೇಲೆ ಅಂಗೈ ಇಟ್ಟರು.

"ಈಗ ಓದು."

ಮಗಳ ಬಾಯಿಂದ ಒಂದಕ್ಷರ ಹೊರಡಲಿಲ್ಲ.

"ಇಷ್ಟು ದಿನ ಹೇಗೆ ಓದಿದೆ?"

"ಚಿತ್ರ ನೋಡಿ… ಪಕ್ಕದವಳು ಓದಿದ್ದು ನೆನಪಿಟ್ಟು… ಮುಂದೆ ಏನು ಬರಬಹುದು ಅಂತ ಯೋಚನೆ ಮಾಡಿ…"

ಆರು ವರ್ಷದ ಮಗು ಎಷ್ಟು ಕಷ್ಟದ ಕೆಲಸ ಮಾಡಿತ್ತು ಎಂಬುದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ. ಮೋಸ ಹೋದೆ ಅನ್ನುವ ಉರಿಯೊಂದೇ ಇತ್ತು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, "ನೋಡ್ರೋ ಮಕ್ಕಳೇ, ಟೀಚರ್ ಮಗಳು ಕಳ್ಳಿ!" ಎಂದರು. ಮಕ್ಕಳು ಆ ಮಾತನ್ನು ವರ್ಷವೆಲ್ಲ ಬಿಡಲಿಲ್ಲ.

ಆಮೇಲೆ ಮಗಳು ಊಹಿಸುವುದನ್ನೂ ನಿಲ್ಲಿಸಿದಳು. ಹತ್ತನೇ ತರಗತಿಯಲ್ಲಿ ಎರಡು ಸಲ ನಪಾಸಾಗಿ, ಹೊಲಿಗೆ ಯಂತ್ರ ರಿಪೇರಿ ಅಂಗಡಿಗೆ ಸೇರಿದಳು. ಈಗ ಅವಳಿಗೆ ಮೂವತ್ತಾರು, ಸ್ವಂತ ಅಂಗಡಿ ಇದೆ. ಭಾನುವಾರ ಬಂದು ಅಪ್ಪ ಅಮ್ಮನ ಆರೋಗ್ಯ ವಿಚಾರಿಸಿ ಹೋಗುತ್ತಾಳೆ. ಅದಕ್ಕಿಂತ ಹೆಚ್ಚು ಮಾತಿಲ್ಲ.

ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಟೀಚರಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿಬರತೊಡಗಿದರು. ಓದು ಬಾರದ ಮಕ್ಕಳಿಗೆ ಅಲ್ಲಿ ಒಬ್ಬ ಹುಡುಗಿ ಕಲಿಸುತ್ತಿದ್ದಳು. ಒಂದು ದಿನ ಅವಳು ಚೀಟಿಯೊಂದನ್ನು, ಪುಸ್ತಕಕ್ಕೆಂದು ಬಂದಿದ್ದ, ಚೆನ್ನಾಗಿ ಓದುವ ಮಗುವಿಗೆ ಕೊಟ್ಟಳು. ಕೆಂಪು ಡಬ್ಬಿ ನೀಲಿಗಿಂತ ಭಾರ, ನೀಲಿ ಹಸಿರಿಗಿಂತ ಭಾರ, ಯಾವುದು ಎಲ್ಲಕ್ಕಿಂತ ಹಗುರ? ಆ ಮಗು ನೀರು ಕುಡಿದ ಹಾಗೆ ಓದಿ, ಉತ್ತರಕ್ಕೆ ತುಟಿ ಕಚ್ಚಿ ಕೂತಿತು. ಮೂಲೆಯಲ್ಲಿದ್ದ, ಒಂದು ಸಾಲೂ ಓದಲಾರದ ಹುಡುಗಿ ಕೇಳಿದ್ದೇ ತಡ, "ಹಸಿರು!" ಎಂದಳು.

"ನೋಡಿದ್ರಾ ಟೀಚರೇ, ಯೋಚನೆ ಮಾಡೋದು ಬೇರೆ, ಅಕ್ಷರಾನ ಸದ್ದಿಗೆ ಹೊಂದಿಸೋದು ಬೇರೆ," ಎಂದಳು ಕಲಿಸುವವಳು. "ಒಂದು ಚುರುಕಾಗಿದ್ರೆ ಇನ್ನೊಂದೂ ಚುರುಕಾಗಿರ್ಬೇಕು ಅಂತೇನಿಲ್ಲ. ಬುದ್ಧಿವಂತ ಮಕ್ಕಳದ್ದೇ ಕಷ್ಟ. ಓದೋಕೆ ಬರಲ್ಲ ಅನ್ನೋದನ್ನ ಊಹೆ ಮಾಡಿ ಮಾಡಿ ಮುಚ್ಚಿಟ್ಟಿರ್ತಾರೆ. ನಾವೋ, ಸೋಮಾರಿ ಅಂತ ಬೈತೀವಿ."

ಆ ರಾತ್ರಿ ಟೀಚರಮ್ಮ ಕೇಳಿದ್ದನ್ನೆಲ್ಲ ಗಂಡನಿಗೆ ಹೇಳಿದರು. "ಆಗ ಯಾರಿಗೂ ಗೊತ್ತಿರ್ಲಿಲ್ಲ ಬಿಡೇ," ಎಂದರು ಗಂಡ. ಗೊತ್ತಿರಲಿಲ್ಲ, ಸರಿ. ಆದರೆ ಬೆಂಚಿನ ಮೇಲೆ ನಿಲ್ಲಿಸಲು ಯಾರು ಹೇಳಿದ್ದರು?

ಮರುದಿನ ಮಗಳ ಅಂಗಡಿಗೆ ಹೋದರು. ದರ್ಜಿಯೊಬ್ಬಳು ಯಂತ್ರ ತಂದಿದ್ದಳು. ದಪ್ಪ ಬಟ್ಟೆಯಲ್ಲಿ ಹೊಲಿಗೆ ತಪ್ಪುತ್ತಿತ್ತಂತೆ, ಮೂರು ಅಂಗಡಿಗಳಲ್ಲಿ ಸೂಜಿ ಬದಲಾಯಿಸಿ ಕೊಟ್ಟಿದ್ದರಂತೆ.

"ತೆಳು ಬಟ್ಟೆಲಿ ಸರಿ ಇದೆಯಲ್ಲಕ್ಕಾ? ಸೂಜಿ ಕೆಟ್ಟಿದ್ರೆ ಅಲ್ಲೂ ತಪ್ಪಬೇಕಿತ್ತು," ಎಂದಳು ಮಗಳು. "ದಪ್ಪ ಬಟ್ಟೆ ಸೂಜಿ ಜೊತೆ ಮೇಲೇಳ್ತಿದೆ. ಅದನ್ನ ಒತ್ತಿ ಹಿಡಿಯೋ ಪಾದ ಸಡಿಲ ಆಗಿದೆ, ಅಷ್ಟೇ." ತಿರುಪು ಬಿಗಿ ಮಾಡಿದಳು. ಹೊಲಿಗೆ ಸಾಲಾಗಿ ಬಿತ್ತು.

ದರ್ಜಿ ಹೋದ ಮೇಲೆ ಟೀಚರಮ್ಮ ನಿಂತಲ್ಲೇ ನಿಂತು, ಗ್ರಂಥಾಲಯದಲ್ಲಿ ಕಲಿಸುವವಳು ಹೇಳಿದ್ದನ್ನೆಲ್ಲ ತಿಳಿಸಿ, ಕೊನೆಗೆ ಹೇಳಿದರು: "ನೀನು ಸೋಮಾರಿ ಆಗಿರ್ಲಿಲ್ಲ ಕಣೇ. ತಪ್ಪು ನಂದು."

ಮಗಳು ಬಟ್ಟೆ ತೆಗೆದುಕೊಂಡು ಕೈಯ ಎಣ್ಣೆ ಒರೆಸತೊಡಗಿದಳು.

"ಓದೋಕೆ ಬರ್ಲಿಲ್ಲ ಅನ್ನೋದು ಇರ್ಲಿ ಅಮ್ಮ, ಅದಕ್ಕೆ ದಾರಿ ಮಾಡ್ಕೊಂಡೆ. ಎಲ್ಲರ ಮುಂದೆ ಕಳ್ಳಿ ಅಂದೆಯಲ್ಲ. ಇವತ್ತಿಗೂ ಯಾರ ಕಷ್ಟಾನಾದ್ರೂ ಥಟ್ ಅಂತ ಬಗೆಹರಿಸಿದ್ರೆ, ಏನೋ ಕದ್ದೆ ಅನ್ಸತ್ತೆ ನಂಗೆ."

ನೆಲ ಬಾಯಿಬಿಡಬಾರದೇ ಅನ್ನಿಸಿತು ಟೀಚರಮ್ಮನಿಗೆ. "ನಾನು ಕಲಿಸ್ಲಾ? ಈಗಲಾದ್ರೂ?"

"ಬೇಡ. ನೀನು ಬೇಡ." ಒರೆಸಿದ ಬಟ್ಟೆ ಬದಿಗಿಟ್ಟು, "ಆ ಗ್ರಂಥಾಲಯದವಳ ನಂಬರ್ ಇದ್ರೆ ಕೊಡು," ಎಂದಳು.

ಅಂದಿನಿಂದ ಅಂಗಡಿಗೆ ರಜೆಯಿರುವ ಮಂಗಳವಾರ ಮಗಳು ಗ್ರಂಥಾಲಯಕ್ಕೆ ಹೋದಳು. ಟೀಚರಮ್ಮ ಆ ದಿನ ಮಾತ್ರ ಅತ್ತ ಸುಳಿಯಲಿಲ್ಲ. ಏಳು ತಿಂಗಳಾದ ಮೇಲೆ ಒಂದು ಭಾನುವಾರ ಮಗಳು ಹೊಸ ಯಂತ್ರದ ಜೊತೆ ಬಂದಿದ್ದ ಪುಸ್ತಿಕೆ ತಂದು ಅಮ್ಮನ ಎದುರು ಕೂತಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದು ಅಕ್ಷರವನ್ನೂ ಹಿಡಿದು ಓದಿದಳು. ಒಂದು ಪುಟಕ್ಕೆ ಕಾಲು ಗಂಟೆ ಬೇಕಾಯಿತು. ಎರಡು ಕಡೆ ಸಿಕ್ಕಿಹಾಕಿಕೊಂಡಾಗ ಟೀಚರಮ್ಮನ ನಾಲಿಗೆಯ ತುದಿಗೆ ಆ ಪದ ಬಂದಿತ್ತು. ಹಲ್ಲು ಕಚ್ಚಿ ತಡೆದುಕೊಂಡರು.

"ಮುಗೀತು," ಎಂದು ಮಗಳು ಪುಸ್ತಿಕೆ ಮಡಚಿದಳು.

ಸಾವಿರಾರು ಮಕ್ಕಳಿಗೆ ಶಭಾಷ್ ಎಂದಿದ್ದ ಬಾಯಿಗೆ ಆಗ ಆ ಒಂದು ಮಾತು ಬರಲಿಲ್ಲ. ಅದನ್ನು ಹೇಳುವ ಹಕ್ಕು ತಮಗಿಲ್ಲ ಎಂದು ಅವರಿಗೆ ಗೊತ್ತಿತ್ತು. ತಲೆ ತಗ್ಗಿಸಿಕೊಂಡೇ, "ಇನ್ನೊಂದು ಪುಟ ಓದ್ತೀಯಾ?" ಎಂದು ಕೇಳಿದರು.

"ಮುಂದಿನ ವಾರ," ಎಂದಳು ಮಗಳು.