ಹೊಳೆಗೆ ಜಾರಿದ ಕಾರು

ನಂಜನಗೂಡಿನ ಈ ಬಡಾವಣೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಒಂದು ಮುಂಜಾನೆ ನೀರಿನ ಸದ್ದಿಗೆ ಎಚ್ಚರವಾಗಿ, ಮಳೆಯೆಂದುಕೊಂಡು ಒಣಹಾಕಿದ್ದ ಬಟ್ಟೆ ತರಲು ಓಡಿದೆ. ಮಳೆಯಲ್ಲ. ಪಕ್ಕದ ಮನೆಯವರು ಪೈಪು ಹಿಡಿದು ಕಾರು ತೊಳೆಯುತ್ತಿದ್ದರು. ಎದುರು ಮನೆಯವರೂ ತೊಳೆಯುತ್ತಿದ್ದರು. ಮೂಲೆ ಮನೆಯ ಮೇಷ್ಟ್ರು ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಸ್ಕೂಟರಿನ ಚಕ್ರದ ಸಂದುಗಳನ್ನು ಉಜ್ಜುತ್ತಿದ್ದರು. ಕುಡಿಯುವ ನೀರಿಗೆ ನಲ್ಲಿಯ ಮುಂದೆ ಸಾಲು ನಿಂತು ಬೆಳೆದವಳು ನಾನು. ಮೋರಿಯಲ್ಲಿ ನೊರೆ ಹರಿದುಹೋಗುವುದನ್ನು ಬಾಯಿ ತೆರೆದು ನೋಡುತ್ತ ನಿಂತಿದ್ದೆ.

ಎಲ್ಲರಿಗಿಂತ ಹೆಚ್ಚು ತೊಳೆಯುತ್ತಿದ್ದವರು ಪಕ್ಕದ ಮನೆಯವರೇ. ಗೊಬ್ಬರದ ಅಂಗಡಿ ಇಟ್ಟಿದ್ದರು. ಅವರನ್ನು ಅಣ್ಣ, ಅವರ ಹೆಂಡತಿಯನ್ನು ಅಕ್ಕ ಎಂದು ಕರೆಯುತ್ತಿದ್ದೆ. ಹದಿನಾರು ಎಂಬ ಊರಿನ ಕಡೆಯವರಾದ ಅಣ್ಣನ ತಾಯಿ ಬೀದಿಗೆಲ್ಲ ಅವ್ವ. ಅಣ್ಣನ ಬಿಳಿ ಕಾರಿಗೆ ಹತ್ತುವ ಮುಂಚೆ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕಿತ್ತು. ಒಮ್ಮೆ ಅವ್ವ ಕಿಟಕಿಯಿಂದ ಎಲೆಅಡಿಕೆ ಉಗಿದದ್ದು ಬಾಗಿಲ ಮೇಲೆ ಕೆಂಪಗೆ ಇಳಿದಿತ್ತಂತೆ. ಅಂದಿನಿಂದ ಹಿಂದಿನ ಗಾಜೂ ಬಾಗಿಲೂ ಒಳಗಿನಿಂದ ತೆರೆಯದ ಹಾಗೆ ಅಣ್ಣ ಲಾಕ್ ಮಾಡಿಬಿಟ್ಟಿದ್ದರು. ಅಕ್ಕ ಅದನ್ನು ನಗುತ್ತಲೇ ಹೇಳಿದ್ದರು. ನಾನೂ ನಕ್ಕಿದ್ದೆ.

ಕಾರ್ತಿಕದ ಒಂದು ಸೋಮವಾರ ನನಗೆ ರಜೆಯಿತ್ತು. ಟಿ. ನರಸೀಪುರದ ಬಳಿಯ ತಿರುಮಕೂಡಲಿನ ಅಗಸ್ತ್ಯೇಶ್ವರನ ದರ್ಶನಕ್ಕೆ ಹೊರಟಿದ್ದ ಅಣ್ಣನ ಮನೆಯವರು ನನ್ನನ್ನೂ ಕರೆದರು. ಹಿಂದಿನ ದಿನ ಜೋರು ಮಳೆಯಾಗಿತ್ತು. ಟಿ. ನರಸೀಪುರ ಇನ್ನೇನು ಬಂತು ಅನ್ನುವಾಗ, ಗದ್ದೆಯಿಂದ ರಸ್ತೆಗೆ ಹತ್ತಿದ ಟ್ರ್ಯಾಕ್ಟರೊಂದು ಕಾರಿನ ಒಂದು ಮಗ್ಗುಲಿಗೆ ಪೂರಾ ಕೆಸರು ಎರಚಿಹೋಯಿತು. ದೇವಸ್ಥಾನಕ್ಕೆ ಹೋಗುವ ಬದಲು ಅಣ್ಣ ಕಾರನ್ನು ಹೊಳೆದಂಡೆಯ ಇಳಿಜಾರಿಗೆ ಇಳಿಸಿ, ನೀರಿಗೆ ಮುಖ ಮಾಡಿ ನಿಲ್ಲಿಸಿದರು.

"ಇಂಥಾ ಗಾಡಿ ತಗೊಂಡೋಗಿ ದೇವ್ರ ಮುಂದೆ ನಿಲ್ಸಕ್ಕಾಗುತ್ತೇನಮ್ಮ? ಐದ್ ನಿಮ್ಸ. ನೀರು ಉಯ್ದು ಒರಸ್ಬುಡ್ತೀನಿ."

ಅಕ್ಕನೂ ನಾನೂ ಇಳಿದೆವು. "ಅವ್ವನ್ನೂ ಇಳಿಸ್ರೀ" ಅಂದರು ಅಕ್ಕ.

"ಮಂಡಿನೋವು ಅವ್ವಂಗೆ. ಈ ಕೆಸರು ತುಳ್ದು ಮತ್ತೆ ಅತ್ಬೇಕು. ಕುಂತಿರ್ಲಿ ಬುಡು."

"ಓಗ್ರವ್ವ ನೀವು, ನಾನಿಲ್ಲೇ ಒಳೆ ನೋಡ್ಕಂಡು ಕುಂತಿರ್ತೀನಿ" ಎಂದರು ಅವ್ವ ಒಳಗಿನಿಂದ. ನೀರು ಸಿಡಿಯದಿರಲಿ ಎಂದು ಅಣ್ಣ ಗಾಜುಗಳನ್ನೆಲ್ಲ ಏರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡರು.

ಮಗ್ಗಿನಲ್ಲಿ ಹೊಳೆಯ ನೀರು ಮೊಗೆದು ಮೊಗೆದು ಹುಯ್ದರು. ಕಾರಿನಿಂದ ಇಳಿದ ನೀರು ಚಕ್ರಗಳ ಕೆಳಗಿನ ಮಣ್ಣನ್ನು ನುಣ್ಣಗೆ, ಜಾರುವ ಹಾಗೆ ಮಾಡುತ್ತಿತ್ತು. ಅದು ನನಗೆ ಹೊಳೆದದ್ದು ಆಮೇಲೆ. ಅಣ್ಣ ಹಿಂದಿನ ಡಿಕ್ಕಿಯಿಂದ ಒರೆಸುವ ಹಳದಿ ಬಟ್ಟೆ ತೆಗೆದು, ಬಾಗಿಲನ್ನು ದಬ್ ಎಂದು ಮುಚ್ಚಿದರು. ಕಾರು ಸುಮ್ಮನೆ ಮುಂದಕ್ಕೆ ಹೊರಟಿತು.

ಸದ್ದೇ ಇರಲಿಲ್ಲ. ಎಮ್ಮೆ ನೀರಿಗೆ ಇಳಿಯುವ ಹಾಗೆ ಇಳಿಯಿತು.

"ಗಾಡಿ! ಅಯ್ಯೋ, ನನ್ ಗಾಡಿ!" ಎಂದು ಕೂಗಿದರು ಅಣ್ಣ.

"ಅವ್ವಾ!" ಎಂದು ಚೀರಿದರು ಅಕ್ಕ.

ಆ ಚೀತ್ಕಾರಕ್ಕೆ ಅಣ್ಣ ಹೆಂಡತಿಯ ಕಡೆ ತಿರುಗಿದರು. ಆಗಿನ ಅಣ್ಣನ ಮುಖವನ್ನು ನಾನು ಮರೆಯಲಾರೆ. ಮರುಕ್ಷಣ ನೀರಿಗೆ ಹಾರಿದರು. ಕಾರು ದಂಡೆಯಿಂದಾಚೆ ಹೋಗಿ, ಮೂತಿ ತಗ್ಗಿಸಿ ನಿಂತಿತ್ತು. ನೀರು ಅಣ್ಣನ ಎದೆಮಟ್ಟ ಇತ್ತು. ಹಿಂದಿನ ಗಾಜಿನ ಆಚೆ ಅವ್ವನ ಅಂಗೈಗಳು ಕಾಣುತ್ತಿದ್ದವು. ಗಾಜನ್ನು ಬಡಿಯುತ್ತಿದ್ದರು. ಬಾಯಿ ಅಲುಗುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅಣ್ಣ ಬಾಗಿಲನ್ನು ಎಳೆದರು. ನೀರಿನ ಒತ್ತಡಕ್ಕೆ ಅದು ಕದಲಲಿಲ್ಲ.

"ಕಲ್ಲು! ಕಲ್ಲು ಕೊಡಿ!"

ನಾನು ಕಲ್ಲಿನ ಮೇಲೇ ನಿಂತಿದ್ದೆ. ಆದರೂ ಬಗ್ಗಲು ಮೈ ಬರಲಿಲ್ಲ. ಸ್ವಲ್ಪ ದೂರದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರು ಓಡಿಬಂದರು. ಅವರಲ್ಲೊಬ್ಬ ಒಂದು ಗುಂಡುಕಲ್ಲನ್ನು ಎತ್ತಿ ಅಣ್ಣನ ಕೈಗೆ ಕೊಟ್ಟ. ಕಾರಿನ ಮೇಲೆ ಕಾಗೆ ಪಿಕ್ಕೆ ಬಿದ್ದರೂ ಊಟ ಬಿಟ್ಟು ಒರೆಸಲು ಎದ್ದು ಹೋಗುತ್ತಿದ್ದ ಮನುಷ್ಯ, ಅವ್ವನಿಗೆ ಚೂರು ತಗುಲದಿರಲೆಂದು ಆಚೆ ಬದಿಯ ಕಿಟಕಿಗೆ ಆ ಕಲ್ಲನ್ನು ಬಡಿದರು. ಒಡೆಯಲಿಲ್ಲ. ಮತ್ತೆ ಬಡಿದರು. ಗಾಜು ಪುಡಿಯಾಗಿ ಸುರಿಯಿತು. ಉಳಿದ ಚೂರುಗಳನ್ನು ಬರಿಗೈಯಿಂದಲೇ ಕೆಡವಿ, ಹೆಗಲ ಮೇಲಿದ್ದ ಹಳದಿ ಬಟ್ಟೆಯನ್ನು ಕಿಟಕಿಯ ಅಂಚಿಗೆ ಹಾಸಿದರು. ಮೀನುಗಾರರೂ ಅಣ್ಣನೂ ಸೇರಿ ಅವ್ವನನ್ನು ತೋಳು ಹಿಡಿದು ಹೊರಗೆಳೆದರು.

ದಂಡೆಯ ಮೇಲೆ ಅವ್ವ ಗಡಗಡ ನಡುಗುತ್ತಿದ್ದರು. ಹೂವು ಮಾರುವ ಹೆಂಗಸೊಬ್ಬರು ತಮ್ಮ ಹೊದಿಕೆ ತಂದು ಸುತ್ತಿದರು. ಅಣ್ಣ ಅವ್ವನ ಕಾಲ ಬಳಿ ಕೆಸರಿನಲ್ಲಿ ಕುಸಿದು, ಮಗುವಿನ ಹಾಗೆ ಅಳುತ್ತಿದ್ದರು.

"ಸುಮ್ಕಿರ್ಲಾ ಮಗ. ನಂಗೇನಾಗದೆ ಈಗ? ನಿನ್ ಕೈ ನೋಡ್ಕೊ ಮೊದ್ಲು, ರಕ್ತ ಸುರೀತಾದೆ" ಎಂದರು ಅವ್ವ.

ಟಿ. ನರಸೀಪುರದ ಆಸ್ಪತ್ರೆಯಲ್ಲಿ ಅಣ್ಣನ ಅಂಗೈಗೆ ಹೊಲಿಗೆ ಹಾಕಿದರು. ಅವ್ವನಿಗೆ ಗೀರುಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಕಾರನ್ನು ಟ್ರ್ಯಾಕ್ಟರಿನಿಂದ ಎಳೆಸಿ ಗ್ಯಾರೇಜಿಗೆ ಸಾಗಿಸಿದರೆಂದು ಯಾರೋ ಬಂದು ಹೇಳಿದಾಗ ಅಣ್ಣ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ವಾಪಸಾದೆವು.

ಕೆಲವು ದಿನಗಳ ನಂತರ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅಣ್ಣ ಕಾಂಪೌಂಡಿನ ಹತ್ತಿರ ಬಂದು ನಿಂತರು. ಕೈಗೆ ಇನ್ನೂ ಬ್ಯಾಂಡೇಜಿತ್ತು.

"ಒಂದ್ ಮಾತು ಕೇಳ್ತೀನಿ, ನಿಜ ಏಳಮ್ಮ. ಗಾಡಿ ಜಾರ್ದಾಗ ನಾನು ಏನಂತ ಕೂಗ್ದೆ?"

ಚೊಂಬನ್ನು ಕೆಳಗಿಟ್ಟೆ. ಆ ಕೂಗು ಅಂದಿನಿಂದಲೂ ನನ್ನ ಕಿವಿಯಲ್ಲಿತ್ತು. ಹೊಳೆಗಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿಸಿದ್ದು ಅದೇ.

"ಎಲ್ರೂ ಕಿರುಚ್ತಿದ್ವಲ್ಲ ಅಣ್ಣ. ಯಾರು ಏನಂದ್ರೋ ಗೊತ್ತಾಗ್ಲಿಲ್ಲ."

"ನಂಗೆ ಗೊತ್ತು ಕಣಮ್ಮ" ಎಂದರು. "ಒಳಗೆ ಅವ್ವ ಅವ್ಳೆ ಅನ್ನೋದೇ ಮರ್ತೋಗಿತ್ತು. ಎತ್ತ ತಾಯಿ ಕಣಮ್ಮ."

ಒಳಗಿನಿಂದ ಅವ್ವ, "ಲೋ, ರೊಟ್ಟಿ ಆರೋಯ್ತದೆ, ಬಾರ್ಲಾ" ಎಂದು ಕೂಗಿದರು. ಅಣ್ಣ ಕಣ್ಣೊರೆಸಿಕೊಂಡು ಹೋದರು.

ಕಾರು ರಿಪೇರಿಯಾಗಿ ಮನೆಗೆ ಬಂದಿದೆ. ಸೀಟಿನಿಂದ ಕೆಸರಿನ ವಾಸನೆ ಇನ್ನೂ ಪೂರಾ ಹೋಗಿಲ್ಲ ಎನ್ನುತ್ತಾರೆ ಅಕ್ಕ. ಬೀದಿಯ ಉಳಿದವರೆಲ್ಲ ಎಂದಿನಂತೆ ದಿನಾ ತೊಳೆಯುತ್ತಾರೆ. ಅಣ್ಣ ಮಾತ್ರ ಯಾವಾಗಲಾದರೊಮ್ಮೆ ಬಕೆಟ್ಟು ಹಿಡಿದು ಹೊರಬರುತ್ತಾರೆ. ಅವ್ವ ಜಗುಲಿಯ ಮೇಲೆ ಕಣ್ಣೆದುರೇ ಕೂತಿದ್ದರೂ, ಮೊದಲು ನಾಲ್ಕೂ ಬಾಗಿಲು ತೆರೆದು, ಬಗ್ಗಿ, ಒಳಗೆಲ್ಲ ನೋಡುತ್ತಾರೆ. ಆಮೇಲೇ ನೀರು ಹಾಕುವುದು.